ಇಪ್ಪತ್ತೆರಡು ಸಾವಿರಕ್ಕೆ ಕಾದ ಸಾಂಬಯ್ಯ

ಪೊಟ್ಲೂರಿ ಸಾಂಬಯ್ಯನನ್ನು ಮೆಣಸಿನಕಾಯಿ ಸರಕೆಂದು ನೋಡುವುದಾದರೆ, ಚೀಲದ ಬಾಯಲ್ಲಿ ಒಳ್ಳೆಯ ಕೆಂಪು, ಕೈ ತೂರಿಸಿದರೆ ತಳದಲ್ಲೆಲ್ಲ ಬಿಳಿಚಿದ ಕಾಯಿ. ಇಸ್ತ್ರಿ ಪಂಚೆ, ಗಂಧದ ಬೊಟ್ಟು, ಗುಂಟೂರು ಮೆಣಸಿನಕಾಯಿ ಯಾರ್ಡಿನಲ್ಲಿ ಅಪ್ಪ ಕಟ್ಟಿಟ್ಟ ಮಂಡಿ. ತಲೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಮೊದಲ ದರ್ಜೆ.

ಹಿಂದಿನ ವರ್ಷ ಒಂದೇ ದಿನ, ಒಂದೇ ಲಾಟಿಗೆ, ಕ್ವಿಂಟಾಲಿಗೆ ಇಪ್ಪತ್ತೆರಡು ಸಾವಿರ ಸಿಕ್ಕಿತ್ತು. ಆ ಲಾಟು ಇವನದಲ್ಲ. ಆದರೂ ಆ ಅಂಕಿ ಇವನ ತಲೆಯಲ್ಲಿ ಬೇರು ಬಿಟ್ಟಿತು. ಈ ಸಲ ಮಂಡಿಯನ್ನೇ ಅಡವಿಟ್ಟು, ಹದಿನೈದು ಸಾವಿರದ ದರದಲ್ಲಿ ಎರಡು ಸಾವಿರ ಚೀಲ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಪೇರಿಸಿದ. ನಾನೂ ನನ್ನ ಪುಟ್ಟ ಮಂಡಿಯನ್ನು ಅಡವಿಟ್ಟು ಆರುನೂರು ಚೀಲ ಅಲ್ಲೇ ಇಟ್ಟಿದ್ದೆ.

ಸಾಂಬಯ್ಯ ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ನಿಂತು ಸಲಹೆ ಕೇಳುತ್ತಿದ್ದ. ಯಾರನ್ನು? ತನ್ನಂತೆ ಚೀಲ ಹಿಡಿದಿಟ್ಟುಕೊಂಡವರನ್ನು ಮಾತ್ರ. ಮಾರಿದವರೇನಾದರೂ ಬಾಯಿಬಿಟ್ಟರೆ, "ಹೊಟ್ಟೆಕಿಚ್ಚು," ಎನ್ನುತ್ತಿದ್ದ. ಕಾಯಿ ಹೇಗಿದೆ ನೋಡಲೆಂದು ಬಿಚ್ಚುತ್ತಿದ್ದದ್ದೂ ಬಾಗಿಲ ಬಳಿ ತಾನೇ ಆರಿಸಿಟ್ಟ ಅದೇ ಮೂರು ಚೀಲ. ಗಿರಾಕಿಗೆ ಟೋಪಿ ಹಾಕುವವರನ್ನು ಬಹಳ ಕಂಡಿದ್ದೇನೆ. ತನಗೆ ತಾನೇ ಹಾಕಿಕೊಂಡು ಕನ್ನಡಿ ಮುಂದೆ ಮೀಸೆ ತಿರುವುವವನು ಇವನೊಬ್ಬನೇ.

"ಆ ಮೂಟೆಗಳ ಜೊತೇನೇ ಸಂಸಾರ ಮಾಡ್ಕೊಳ್ಳಿ," ಎಂದಳಂತೆ ಹೆಂಡತಿ ರತ್ತಮ್ಮ.

ದೀಪಾವಳಿಗೆ ಮುಂಚೆ ಇಂದೋರಿನ ಮಸಾಲೆ ಕಂಪನಿಯವನು ಬಂದು ಹದಿನೇಳು ಸಾವಿರಕ್ಕೆ ಕೇಳಿದ.

"ಕೊಟ್ಬಿಡು ಭಾವಾ," ಎಂದೆ. "ಸಂಕ್ರಾಂತಿ ಕಳೆದ್ರೆ ಹೊಸ ಕಾಯಿ ಬರುತ್ತೆ. ಈ ಹಳೇದನ್ನ ಯಾರು ಮೂಸ್ತಾರೆ?"

"ಕ್ವಿಂಟಾಲಿಗೆ ಐದು ಸಾವಿರ ಕಳ್ಕೊಂಡಾ?"

"ಕಳ್ಕೊಳ್ಳೋದು ಎಲ್ಲಯ್ಯಾ? ಎರಡು ಸಾವಿರ ಲಾಭ!"

"ನಿಂಗೆ ಲೆಕ್ಕ ಬರಲ್ಲ. ಇಪ್ಪತ್ತೆರಡರಲ್ಲಿ ಹದಿನೇಳು ಕಳಿ, ನೋಡು." ಆಮೇಲೆ ಎಲೆಯಡಿಕೆ ಉಗಿದು ನಕ್ಕ. "ಅದಿರ್ಲಿ ಭಾವಾ, ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ನಿನ್ನ ಚೀಲ ಯಾಕೆ ಇನ್ನೂ ಒಳಗಿದೆ?"

ನಾನೂ ಕಾಯುತ್ತಿದ್ದದ್ದು ಅದೇ ಇಪ್ಪತ್ತೆರಡಕ್ಕೆ. ಅದೇ ಮಧ್ಯಾಹ್ನ ಆರುನೂರು ಚೀಲವನ್ನೂ ಇಂದೋರಿನವನಿಗೆ ತೂಗಿಸಿದೆ. "ಪುಕ್ಕಲ," ಎಂದು ಸಾಂಬಯ್ಯ ಯಾರ್ಡಿಗೆಲ್ಲ ಸಾರಿದ.

ಫೆಬ್ರವರಿಯಲ್ಲಿ ಹೊಸ ಕಾಯಿ ಗುಡ್ಡೆಗುಡ್ಡೆಯಾಗಿ ಬಂತು. ಬಣ್ಣ ಬಿಟ್ಟ ಹಳೆಯದನ್ನು ಒಂಬತ್ತಕ್ಕೂ ಕೇಳುವವರಿಲ್ಲ. ಬ್ಯಾಂಕಿನವರು ಮಂಡಿಗೆ ಬೀಗ ಜಡಿದರು. ಈಗಲೂ ಅವನು ಟೀ ಅಂಗಡಿಯಲ್ಲಿ ಕೂತು, ತನ್ನ ಎಣಿಕೆ ಸರಿಯಾಗಿಯೇ ಇತ್ತು, ಇಂದೋರಿನವನ ಕಣ್ಣು ಬಿತ್ತು ಎನ್ನುತ್ತಾನೆ. ಕೇಳುವವರೂ ತಲೆಯಾಡಿಸುತ್ತಾರೆ. ಅವರೂ ಅಂಥವರೇ.

ಅವನ ಬುದ್ಧಿಗೆ ನಾನು ಬಿಡಿಗಾಸು ಕೊಡುವುದಿಲ್ಲ. ಆದರೆ ಆ ದಿನ ಅವನು ಹಾಗೆ ಕೇಳದಿದ್ದರೆ ನಾನು ಚೀಲ ಮಾರುತ್ತಿರಲಿಲ್ಲ. ನನ್ನ ಮಂಡಿ ಉಳಿದದ್ದು ಸಾಂಬಯ್ಯನಿಂದ.