ಜೊಂಡು ಕಟ್ಟಿದವನ ಹೆಸರು

ಡಬ್ಲಿನ್ ಹತ್ತಿರದ ಸ್ವೋರ್ಡ್ಸ್‌ನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಉಗಾಂಡಾದ ಹೆಂಗಸೊಬ್ಬರು ಒಂಟಿಯಾಗಿದ್ದರು. ಏರ್‌ಪೋರ್ಟಿನಲ್ಲಿ ಕೆಲಸ, ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು. ಲೆಪರ್ಡ್ಸ್‌ಟೌನಿನ ಆಫೀಸಿನಿಂದ ನಾನು ಬರುವುದು ತಡವಾದರೆ ನನ್ನ ಮಗಳನ್ನು ಶಾಲೆಯಿಂದ ಕರೆತಂದು, ಬಾಳೆಕಾಯಿ ಬೇಯಿಸಿ ತಿನ್ನಿಸುತ್ತಿದ್ದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ನಾವು ಆಡುತ್ತಿದ್ದುದು ಇಂಗ್ಲಿಷ್. ಆದರೆ ನೆನಪಿನಲ್ಲಿ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಒಂದು ಹ್ಯಾಲೊವೀನ್ ಸಂಜೆ ಎದುರಿನ ಮೈದಾನದಲ್ಲಿ ಹುಡುಗರು ಇಲ್ಲಿನ ರೂಢಿಯಂತೆ ಹಳೆಯ ಮರದ ಸಾಮಾನು ಪೇರಿಸಿ ಬೆಂಕಿ ಹಚ್ಚಿದರು. ಆಂಟಿ ಬಂದು ನಮ್ಮ ಬಾಗಿಲು ತಟ್ಟಿದರು.

"ನಿಮ್ಮ ಹಿಂದಿನ ರೂಮಲ್ಲಿ ಸ್ವಲ್ಪ ಕೂತ್ಕೊಳ್ಳಲಾ?"

ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಬೆಂಕಿ ಆರುವ ತನಕ ಮಂಚದ ತುದಿಯಲ್ಲಿ ಕೂತಿದ್ದರು. ಯಾಕೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ಜೂನ್‌ನಲ್ಲಿ ಅವರ ಕಾರು ಕೆಟ್ಟು ಗ್ಯಾರೇಜು ಸೇರಿತು. "ನೇಸ್ ಊರು ದಾಟಿ ಒಂದು ಚಾಪೆಲ್ ಇದೆ, ಸಣ್ಣ ಚರ್ಚು. ಭಾನುವಾರ ಕರ್ಕೊಂಡು ಹೋಗ್ತೀಯಾ?" ಎಂದರು.

"ಗ್ರ್ಯಾಂಡ್, ಹೋಗ್ಬಾ," ಎಂದ ನನ್ನ ಗಂಡ, 'ಸರಿ' ಎನ್ನಲು ಐರಿಷರು ಬಳಸುವ ಮಾತಿನಲ್ಲಿ. "ಮಗಳನ್ನ ನಾನು ನೋಡ್ಕೋತೀನಿ."

ಆಫ್ರಿಕಾದಲ್ಲಿ ಬಹುಕಾಲ ಶಾಲೆ ನಡೆಸಿದ್ದ ಐರಿಷ್ ಸಿಸ್ಟರ್‌ಗಳ ಹಳೆಯ ಮನೆ ಅದು. ಪಕ್ಕದ ಪುಟ್ಟ ಚಾಪೆಲ್ಲಿನಲ್ಲಿ ಉಗಾಂಡಾದ ಹುತಾತ್ಮರ ಹೆಸರಿನದೊಂದು ಪೀಠ. ವರ್ಷಕ್ಕೊಮ್ಮೆ ಐರ್ಲೆಂಡಿನಲ್ಲಿರುವ ಆಂಟಿಯ ನಾಡಿನವರು ಅಲ್ಲಿ ಸೇರುತ್ತಾರೆ. ನಾವು ತಲುಪಿದಾಗ ಡೋಲಿನ ಸದ್ದು ಹೊರಗೇ ಕೇಳುತ್ತಿತ್ತು. ಆಂಟಿ ಮಾತ್ರ ಕಾರಿನಿಂದ ಇಳಿಯಲಿಲ್ಲ.

"ಪ್ರತಿ ವರ್ಷ ಬರ್ತೀನಿ. ಕಾರಲ್ಲೇ ಕೂತಿದ್ದು ವಾಪಸ್ ಹೋಗ್ತೀನಿ," ಎಂದರು. "ಹುತಾತ್ಮರ ಕಥೆ ಗೊತ್ತಾ ನಿನಗೆ?"

ಗೊತ್ತಿಲ್ಲವೆಂದೆ. ಅವರು ಗಾಜಿನಾಚೆ ನೋಡುತ್ತ ಹೇಳಿದರು. "ರಾಜನ ಅರಮನೆಯಲ್ಲಿದ್ದ ಹುಡುಗರು. ಕ್ರೈಸ್ತರಾದ್ರು. ಬಿಡಿ ಅಂದ್ರೆ ಬಿಡಲಿಲ್ಲ. ಅವರನ್ನ ಜೊಂಡಿನ ಚಾಪೇಲಿ ಸುತ್ತಿ, ಕಟ್ಟಿ, ಸುಟ್ಟುಬಿಟ್ರು. ಆ ಜೊಂಡು ಕೊಯ್ದು, ಹುಡುಗರನ್ನ ಸುತ್ತಿ ಗಂಟು ಹಾಕಿದೋರಲ್ಲಿ ನಮ್ಮ ಮುತ್ತಜ್ಜನ ಅಪ್ಪನೂ ಒಬ್ಬ."

ನಾನು ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

"ಬೆಂಕಿ ಹಚ್ಚಿದ್ದು ಅವನಲ್ಲ ಅಂತಾರೆ ನಮ್ಮನೇಲಿ. ಕಟ್ಟಿದ್ದು ಮಾತ್ರ ಅಂತೆ. ಹೊಗೆ ವಾಸನೆ ಬಂದ್ರೆ ನನಗೆ ಉಸಿರು ಕೇಳುತ್ತೆ. ಚಾಪೆ ಒಳಗಿನ ಉಸಿರು." ಸ್ವಲ್ಪ ತಡೆದು ಕೇಳಿದರು, "ನೀನು ಒಳಗೆ ಹೋಗಿ ನೋಡ್ಕೊಂಡು ಬರ್ತೀಯಾ? ಅವರ ಮುಖ ಹೆಂಗಿದೆ ಅಂತ ಹೇಳು."

ಒಳಗೆ ಹೋದೆ. ಬಣ್ಣದ ಗೌನು, ಬಿಳಿಯ ನಿಲುವಂಗಿಗಳಲ್ಲಿ ಜನ ತುಂಬಿದ್ದರು. ಪೀಠದ ಮೇಲೆ ದೊಡ್ಡದೊಂದು ಚಿತ್ರ. ಮೀಸೆ ಸರಿಯಾಗಿ ಮೂಡದ ಮುಖಗಳು. ನನ್ನ ತಮ್ಮ ಕಾಲೇಜು ಸೇರಿದ ವರ್ಷ ಹೀಗೇ ಇದ್ದ. ಚಿತ್ರದ ಸುತ್ತ ಊರಿನ ಐರಿಷ್ ಹೆಂಗಸರು ಅಲಂಕಾರ ಮಾಡಿದ್ದರು. ಆ ಕಿಲ್ಡೇರ್ ಸೀಮೆಯಲ್ಲಿ ಜೊಂಡು ಹೆಣೆದು ಶಿಲುಬೆ ಮಾಡುವುದು ಹಳೆಯ ರೂಢಿ. ಅಂಥ ಹಸಿರು ಶಿಲುಬೆಗಳನ್ನು ಆ ಹುಡುಗರ ಕುತ್ತಿಗೆಯ ಮಟ್ಟಕ್ಕೆ ಸಾಲಾಗಿ ಕಟ್ಟಿದ್ದರು. ಆ ಹುಡುಗರನ್ನು ಸುತ್ತಿ ಸುಟ್ಟಿದ್ದೂ ಜೊಂಡಿನಲ್ಲೇ ಎಂಬುದು ಆ ಹೆಂಗಸರಿಗೆ ಹೊಳೆದಿರಲಿಕ್ಕಿಲ್ಲ. ಜನರ ಉಸಿರಿನ ಬಿಸಿಗೆ ಹಸಿ ಜೊಂಡಿನ ವಾಸನೆ ಎದ್ದಿತ್ತು. ಮೇಣದಬತ್ತಿ ಹಚ್ಚಬೇಕೆಂದುಕೊಂಡಿದ್ದೆ, ಹಚ್ಚಲಾಗಲಿಲ್ಲ.

ಹೊರಗೆ ಬಂದರೆ ಬೆನ್ನು ಬಾಗಿದ ಮುದುಕಿ ಸಿಸ್ಟರ್ ಒಬ್ಬರು ಕಾರಿನ ಕಿಟಕಿಗೆ ಬಾಗಿ ಆಂಟಿಯ ಜೊತೆ ಅವರದೇ ಭಾಷೆಯಲ್ಲಿ ಮಾತನಾಡುತ್ತಿದ್ದರು. ನಾನು ದೂರದಲ್ಲೇ ನಿಂತೆ. ಆಂಟಿ ಏನೋ ಒಂದೇ ಒಂದು ಶಬ್ದ ಹೇಳಿದರು. ಸಿಸ್ಟರ್ ಅದನ್ನು ಮತ್ತೆ ಹೇಳಿಸಿಕೊಂಡು, ತಲೆಯಾಡಿಸಿ ಒಳಗೆ ಹೋದರು.

"ಜೊಂಡು ಕಟ್ಟಿದೋನ ಹೆಸರು ಕೇಳಿದ್ರು," ಎಂದರು ಆಂಟಿ. "ಹೇಳಿಬಿಟ್ಟೆ. ನಮ್ಮನೇಲಿ ಆ ಹೆಸರನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಸತ್ತವರಿಗಾಗಿ ಪ್ರಾರ್ಥನೆ ಮಾಡುವಾಗ ಓದ್ತಾರಂತೆ." ಬಾಗಿಲು ತೆಗೆದು ಇಳಿದರು. "ಓದೋವಾಗ ಅವನ ಕಡೆಯವರು ಯಾರಾದ್ರೂ ಅಲ್ಲಿರಬೇಕಲ್ವಾ."

ನನ್ನ ತೋಳು ಹಿಡಿದುಕೊಂಡೇ ಒಳಗೆ ಬಂದರು. ಜೊಂಡಿನ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಅದನ್ನು ನೋಡಿಯಾಗಿತ್ತು. ಅವರ ಉಗುರು ನನ್ನ ತೋಳಿಗೆ ನಾಟಿತು. ಆದರೂ ತಿರುಗಿ ಹೋಗಲಿಲ್ಲ.

ಸಿಸ್ಟರ್ ಕನ್ನಡಕ ಹಾಕಿಕೊಂಡು ತೀರಿಕೊಂಡವರ ಹೆಸರು ಓದತೊಡಗಿದರು. ಯಾರದೋ ತಾಯಿ, ಯಾರದೋ ಗಂಡ. ಪ್ರತಿ ಹೆಸರಿಗೂ ಜನ ಒಂದೇ ದನಿಯಲ್ಲಿ ಆಮೆನ್ ಎನ್ನುತ್ತಿದ್ದರು. ಆಮೇಲೆ ಅವನ ಹೆಸರು, ಅವನು ಮಾಡಿದ ಕೆಲಸ. ಆಮೆನ್ ಬರಲಿಲ್ಲ. ಮಕ್ಕಳು ಕೂಡ ಸುಮ್ಮನಾದರು. ನನಗೆ ಆಗ ಅನ್ನಿಸಿದ್ದನ್ನು ಹಾಗೇ ಬರೆಯುತ್ತೇನೆ: ಆ ಮೌನದಲ್ಲಿ ಯಾರೋ ಬಾಗಿಲ ಬಳಿ ಬಂದು ನಿಂತ ಹಾಗಾಯಿತು. ತಿರುಗಿ ನೋಡಿದೆ. ಜೂನ್ ತಿಂಗಳ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಮುಂದಿನ ಬೆಂಚಿನಲ್ಲಿದ್ದ ಮುದುಕರೊಬ್ಬರು ಕೊನೆಗೆ ಮೆಲ್ಲಗೆ ಆಮೆನ್ ಎಂದರು. ಹಿಂದಿನಿಂದ ಇನ್ನೊಂದು ದನಿ. ಕೆಲವರು ಹೇಳಲೇ ಇಲ್ಲ. ಹೇಳದವರನ್ನೂ ಆಂಟಿ ಒಬ್ಬೊಬ್ಬರಾಗಿ ನೋಡಿದರು, ಕಣ್ಣು ತಪ್ಪಿಸದೆ.

ಬರುವಾಗ ದಾರಿಯುದ್ದಕ್ಕೂ ಬಾಯಿ ತೆರೆದು ಮಗುವಿನ ಹಾಗೆ ನಿದ್ದೆ ಮಾಡಿದರು. ಈಗ ಪ್ರತಿ ವರ್ಷ ಒಳಗೆ ಹೋಗುತ್ತಾರೆ. ಹೊಗೆ ಮಾತ್ರ ಈಗಲೂ ಅವರಿಗೆ ಆಗುವುದಿಲ್ಲ. ಜೊತೆಗೆ ಬಾ ಎಂದು ಕರೆಯುತ್ತಾರೆ. ನಾನು ಏನಾದರೂ ನೆಪ ಹೇಳುತ್ತೇನೆ.

ಅಲ್ಲಿಂದ ಬಂದ ವಾರವೇ ಮೈಸೂರಿಗೆ ಫೋನ್ ಮಾಡಿದ್ದೆ. ನಮ್ಮ ಹಿರಿಯರು ಅರಮನೆಯಲ್ಲಿದ್ದರು ಎನ್ನುವುದು ಅಪ್ಪನ ಹೆಮ್ಮೆ. ನಮ್ಮ ಮದುವೆ ಮಾತುಕತೆಯಲ್ಲೂ ಅದು ಬಂದಿತ್ತು.

"ಅಪ್ಪಾ, ನಮ್ಮ ಹಿರಿಯರು ಅರಮನೇಲಿ ಏನು ಕೆಲಸ ಮಾಡ್ತಿದ್ರು?"

"ಊಳಿಗ ಕಣಮ್ಮ."

"ಅದೇ, ಎಂಥ ಊಳಿಗ?"

"ಅರಮನೆ ಅಂದ್ಮೇಲೆ ನೂರೆಂಟು ಕೆಲಸ. ಹೇಳಿದ್ದನ್ನ ಮಾಡೋದು. ಯಾಕಮ್ಮ ಈಗ ಅದೆಲ್ಲ?"

ಸುಮ್ಮನೆ ಕೇಳಿದೆ ಎಂದೆ. ಅಪ್ಪ, ಆ ಹಿರಿಯರ ಹೆಸರೂ ತನಗೆ ಗೊತ್ತಿಲ್ಲವೆಂದು ಹೇಳಿ, ಮೊಮ್ಮಗಳನ್ನು ಕರೆ ಎಂದರು.