ಕಾಗದ ಮುಗಿದ ಮೇಲಿನ ಹಾಡು

ಬೆಳಗಿನ ಆರು ಗಂಟೆ. ಬಂಟ್ವಾಳದ ಬಸ್ಸು ನಿಲ್ದಾಣದಲ್ಲಿ ಅಬ್ದುಲ್ ವಹಾಬ್ ಮೂಡುಬಿದಿರೆ ಬಸ್ಸಿನ ಡ್ರೈವರಿಗೆ ಒಂದು ಸಿ.ಡಿ. ಕೊಡುತ್ತಾರೆ. "ಸಿದ್ಧಕಟ್ಟೆ ದಾಟುವಾಗ ಹಾಕಿ ಮಾರಾಯ್ರೆ. ಹೊಸ ಹುಡುಗಿ, ಚಂದ ಹಾಡ್ತಾಳೆ." ಬಸ್ಸಿನಲ್ಲಿ ಕೇಳಿದವರು ಇಳಿದು ಅಂಗಡಿಯಲ್ಲಿ ವಿಚಾರಿಸಬೇಕು. ಅವರ ಜಾಹೀರಾತು ಅಷ್ಟೇ. ಇವತ್ತು ಮಾತ್ರ ಅವರ ಚೀಲದಲ್ಲಿ ಬಟ್ಟೆ ಸುತ್ತಿದ ಇನ್ನೊಂದು ಸಿ.ಡಿ. ಇದೆ. ಅದು ಮುಂಡಾಜೆಗೆ ಹೋಗಬೇಕು.

ಐವತ್ತಾರರ ವಹಾಬ್ 1993ರಿಂದ ಕಂಪೆನಿಯ ಆಸರೆಯಿಲ್ಲದ ಹಾಡುಗಾರರ ಕ್ಯಾಸೆಟ್ಟುಗಳನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಿಗೆ ಹೊತ್ತು ತಲುಪಿಸುತ್ತಿದ್ದಾರೆ. ನಲವತ್ತು ಹಾಡುಗಾರರು, ಮೂವತ್ತೊಂದು ಅಂಗಡಿ. ಆಗ ವಾರಕ್ಕೆ ಇನ್ನೂರು ಕ್ಯಾಸೆಟ್ಟು. ಈಗ, 2006ರಲ್ಲಿ, ಇಪ್ಪತ್ತು ಸಿ.ಡಿ. ಹೋದರೆ ಪುಣ್ಯ. ಹಾಡಿದವರಿಗಾದರೂ ಶಾಲು ಸಿಕ್ಕಿದೆ, ಹೊತ್ತವರಿಗೆ ಹೆಗಲು ನೋವು.

ಅವರ ಮಾಲು ಓಡಲು ಒಂದು ಗುಟ್ಟಿತ್ತು. ಕ್ಯಾಸೆಟ್ಟಿನ ಮೂಲೆಯ ಪುಟ್ಟ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ವಹಾಬ್ ಅದನ್ನು ಮುರಿಯುತ್ತಿರಲಿಲ್ಲ. "ಗಲ್ಫಿನಲ್ಲಿ ಮಕ್ಕಳಿರುವ ಮನೆಯವರು ಚಕ್ಕೆ ಮುರಿಯದ್ದನ್ನೇ ಕೇಳಿ ತಗೊಳ್ತಿದ್ರು. ಹಾಡು ಸಾಕಾದ ಮೇಲೆ ಅದರಲ್ಲೇ ಮಾತು ತುಂಬಿಸಿ ಕಳಿಸುವುದು, ಮಗ ಅದರಲ್ಲೇ ಉತ್ತರ ಹೇಳುವುದು. ನನಗೂ ವ್ಯಾಪಾರ, ಅವರಿಗೂ ಉಪಕಾರ."

ಮುಂಡಾಜೆಯ ಕೂಲಿಯಾಳು ಮಾಯಿಲಪ್ಪ ತಾವೇ ಕಟ್ಟಿದ ಹನ್ನೊಂದು ತುಳು ಹಾಡುಗಳನ್ನು ಕ್ಯಾಸೆಟ್ಟಿಗೆ ಹಾಡಿದ್ದು 1996ರಲ್ಲಿ. ಮುನ್ನೂರು ಕ್ಯಾಸೆಟ್ಟು ಖರ್ಚಾದವು. 2001ರಲ್ಲಿ ಅವರು ತೀರಿಕೊಂಡರು. ಕಳೆದ ವರ್ಷ ಮಗಳು ಸರಸ ಬಂದು ಕೇಳಿದರು: "ವಹಾಬಣ್ಣ, ಆಗ ನಮ್ಮಲ್ಲಿ ಟೇಪು ಇರಲಿಲ್ಲ. ಈಗ ಸಿ.ಡಿ. ಹಾಕುವ ಪೆಟ್ಟಿಗೆ ಉಂಟು. ಅಪ್ಪನ ಸ್ವರ ಒಮ್ಮೆ ಕೇಳಬೇಕಿತ್ತು."

ವಹಾಬರಲ್ಲಿದ್ದ ಮೂಲ ಕ್ಯಾಸೆಟ್ಟನ್ನು ಮಳೆಗಾಲದ ಬೂಷ್ಟು ತಿಂದಿತ್ತು. ಕೊಂಡವರಲ್ಲಾದರೂ ಇದ್ದೀತೆಂದು ವಹಾಬ್ ಐವತ್ತಮೂರು ಮನೆ ಅಲೆದರು. ಸಿಕ್ಕ ಒಂಬತ್ತು ಕ್ಯಾಸೆಟ್ಟುಗಳ ಮೇಲೂ ಮಾಯಿಲಪ್ಪನ ಹೆಸರಿತ್ತು. ಒಳಗೆ ಯಾರದೋ ಮಗ "ಉಮ್ಮಾ, ನಾನು ಸೌಖ್ಯ" ಎನ್ನುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ಯಾರನ್ನು ಬೈಯಲಿ? ಚಕ್ಕೆ ಮುರಿಯದೆ ಬಿಟ್ಟವನು ನಾನೇ ಅಲ್ವಾ," ಎನ್ನುತ್ತಾರೆ.

ಹತ್ತನೆಯದು ಸಿಕ್ಕಿದ್ದು ಕೊಕ್ಕಡದ ಮೈಮೂನಮ್ಮನ ಮನೆಯಲ್ಲಿ. ಮಗ ನೌಫಲ್ ಸೌದಿಯ ದಮ್ಮಾಮಿನಿಂದ ಮಾತು ತುಂಬಿಸಿ ಕಳಿಸಿದ ಮೊದಲ ಕಾಗದ ಅದು; ಹೊರಗೆ ಕೊಡಲು ಅವರು ಒಪ್ಪಲಿಲ್ಲ. ವಹಾಬ್ ಅಲ್ಲೇ ಕೂತು ಕೇಳಿದರು. ನೌಫಲನ ಮಾತು ಮುಗಿದ ಮೇಲೆ, ಅಳಿಸದೆ ಉಳಿದ ತುದಿಯಲ್ಲಿ, ಮಾಯಿಲಪ್ಪ ಹಾಡುತ್ತಿದ್ದರು! ಮೊದಲ ಸಾಲುಗಳಿಲ್ಲದ ಒಂದೇ ಹಾಡು, ನಾಲ್ಕು ನಿಮಿಷ.

ಮೊನ್ನೆ ಯಂತ್ರ ಹೊತ್ತು ಅಲ್ಲಿಗೇ ಹೋಗಿ ಸಿ.ಡಿ.ಗೆ ನಕಲು ಮಾಡಿಕೊಂಡರು. ಮೈಮೂನಮ್ಮ ಹಾಕಿದ್ದು ಒಂದೇ ಷರತ್ತು: "ನನ್ನ ಮಗನ ಮಾತು ಕತ್ತರಿಸಬಾರದು. ಸಲಾಂನಿಂದಲೇ ಶುರುವಾಗಬೇಕು."

ಮುಂಡಾಜೆಯ ದಾರಿಯ ಬೆಳ್ತಂಗಡಿ ಬಸ್ಸು ಬಂದಿದೆ. ಹನ್ನೊಂದು ಹಾಡು ಕಳೆದು ಒಂದು ತುಂಡು ಒಪ್ಪಿಸಬೇಕಾದ ನಾಚಿಕೆ ವಹಾಬರ ಮುಖದಲ್ಲಿದೆ. ಮೆಟ್ಟಿಲೇರುತ್ತ ತಿರುಗಿ ಹೇಳುತ್ತಾರೆ: "ಸರಸನಿಗೆ ಹೇಳ್ತೇನೆ, ಸ್ವಲ್ಪ ಕಾಯಬೇಕು ತಂಗಿ, ಮೊದಲು ನೌಫಲ್ ಮಾತಾಡ್ತಾನೆ. ಆಮೇಲೆ ನಿನ್ನ ಅಪ್ಪ ಬರ್ತಾರೆ."