ಎಳ್ಳು ಬೀರಿದ ಮರುದಿನದ ವಾರ್ತೆ

ನಮ್ಮ ಶಾಲೆಯ ಎರಡನೇ ಕೊಠಡಿಯ ಬೀಗದ ಕೈಯನ್ನು ಅಧ್ಯಕ್ಷರಿಗೆ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಓದುತ್ತಾ ಯಾರಾದರೂ ನನ್ನ ಪರ ವಹಿಸಿಕೊಂಡುಬಿಡುತ್ತಾರೆ.

ಶಿರಾದಿಂದ ಮದಲೂರಿನ ಕಡೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ನಮ್ಮ ಶಾಲೆ. ಒಂದರಿಂದ ಐದನೇ ತರಗತಿ, ಹತ್ತೊಂಬತ್ತು ಮಕ್ಕಳು, ಎರಡು ಕೊಠಡಿ, ಒಂದು ಅಡುಗೆ ಮನೆ. ಮುಖ್ಯ ಶಿಕ್ಷಕಿ ನಾನು. ಚಿಕ್ಕ ಮಕ್ಕಳಿಗೆ ಪಾಠ ಮಾಡಲು ಒಬ್ಬಳು ಅತಿಥಿ ಶಿಕ್ಷಕಿ. ಶಾಲೆಯ ಎದುರಿಗೇ, ರಸ್ತೆಯ ಆಚೆ, ಶಾಲಾ ಸಮಿತಿಯ ಅಧ್ಯಕ್ಷರ ಮನೆ. ಅವರ ಮೊಮ್ಮಗಳು ನಮ್ಮಲ್ಲೇ ಮೂರನೇ ತರಗತಿ.

ನವೆಂಬರ್ ಕೊನೆಯಲ್ಲಿ ಯಾವುದೋ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೆ ನಮ್ಮ ಸೀಮೆಯಲ್ಲೂ ಮೂರು ದಿನ ಜಡಿಮಳೆ ಹಿಡಿಯಿತು. ಬೇಕಾದಾಗ ಬಾರದೆ ಬೇಡವಾದಾಗ ಬಂದ ಮಳೆ. ಅಧ್ಯಕ್ಷರು ತಲೆಗೆ ಟವೆಲ್ ಹಾಕಿಕೊಂಡು ಓಡಿ ಬಂದರು. ಅವರ ಕಡಲೆಕಾಯಿ ಮೂಟೆಗಳು ಅಂಗಳದಲ್ಲಿ ತಾರ್ಪಾಲಿನ ಕೆಳಗೆ ನೆನೆಯುತ್ತಿದ್ದವು.

“ಮೇಡಮ್ಮೋರೆ, ಹದ್ನೈದ್ ದಿನ ಅಷ್ಟೇಯ. ಬಿಸ್ಲು ಬಂದೇಟ್ಗೆ ಎತ್ತುಸ್ಬುಡ್ತೀನಿ. ಬೂಷ್ಟು ಹಿಡುದ್ರೆ ಒಂದ್ ವರ್ಷದ್ ಬೆಳೆ ಮಣ್ಪಾಲು.”

ಕನಿಕರ ಬಂತು. ಕೊಟ್ಟೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಮಕ್ಕಳಿಗೆ ಗಾದೆ ಬಾಯಿಪಾಠ ಮಾಡಿಸುವವಳು ನಾನೇ ಆಗಿದ್ದರೂ, ಕೊಡುವಾಗ ಅದು ನೆನಪಾಗಲಿಲ್ಲ.

ಬಿಸಿಲು ಬಂತು. ಮೂಟೆಗಳು ಏಳಲಿಲ್ಲ. ಮೂರನೇ ವಾರ ಕೊಠಡಿಯ ಬಾಗಿಲಿಗೆ ನಮ್ಮ ಹಳೇ ಬೀಗದ ಜಾಗದಲ್ಲಿ ಅಂಗೈಯಗಲದ ಹೊಸ ಬೀಗ ನೇತಾಡುತ್ತಿತ್ತು, ಅವರದು. ರೇಟು ಏರಲಿ ಎಂದು ಕಾಯುತ್ತಿದ್ದಾರೆ ಎಂದು ಅಡುಗೆಯಮ್ಮ ಹೇಳಿದಳು. ಒಂದರಿಂದ ಮೂರನೇ ತರಗತಿಯ ಮಕ್ಕಳು ವರಾಂಡದಲ್ಲಿ ಚಾಪೆ ಹಾಸಿಕೊಂಡು ಕುಳಿತರು. ಡಿಸೆಂಬರಿನ ಬೆಳಗಿನ ಗಾಳಿಗೆ ಒಂದನೇ ತರಗತಿಯ ಮೂರೂ ಮಕ್ಕಳಿಗೆ ನೆಗಡಿ. ಅವರ ಕಲಿಕಾ ಕಾರ್ಡುಗಳು, ಬಣ್ಣದ ಮಣಿಗಳು, ಗುಂಡು ಮೇಜುಗಳು ಎಲ್ಲವೂ ಮೂಟೆಗಳ ಹಿಂದೆ ಸಿಕ್ಕಿಕೊಂಡಿದ್ದವು.

ಡಿಸೆಂಬರ್ ಕೊನೆಯ ಪೋಷಕರ ಸಭೆಯಲ್ಲಿ ನಾನು ಕೊಠಡಿ ಕೇಳಿದೆ. ಕೈ ಮುಗಿದೇ ಕೇಳಿದೆ. ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡು ನಕ್ಕರು.

“ಹತ್ತೊಂಬತ್ ಮಕ್ಳಿಗೆ ಎಲ್ಡು ರೂಮ್ಯಾಕ್ ಮೇಡಮ್ಮೋರೆ? ನಮ್ ಕೊಟ್ಟಿಗೇಲಿ ಮೂವತ್ತು ಕುರಿ ಒಂದೇ ರೂಮಲ್ಲಿ ಅವೆ. ಒಂದಾದ್ರೂ ಕಂಪ್ಲೇಂಟ್ ಕೊಟ್ಟಿಲ್ಲ.”

ಎಲ್ಲರೂ ನಕ್ಕರು. ಕುರಿ ಎನ್ನಿಸಿಕೊಂಡ ಮಕ್ಕಳ ಅಪ್ಪ ಅಮ್ಮಂದಿರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಾಜರಿ ಪುಸ್ತಕ ಮುಚ್ಚಿದೆ.

ನಾನು ಮಧುಗಿರಿ ಕೋಟೆ ಬೆಟ್ಟದ ಬುಡದವಳು. ನಮ್ಮ ಅಜ್ಜಿ ಪಕ್ಕದ ಮನೆಯವಳೊಡನೆ ಮಾತು ಬಿಟ್ಟು ಇಪ್ಪತ್ತು ವರ್ಷ ಅದೇ ಬೀದಿ ನಲ್ಲಿಯಲ್ಲಿ ಅವಳ ಬಿಂದಿಗೆಯ ಪಕ್ಕದಲ್ಲೇ ಬಿಂದಿಗೆ ಇಟ್ಟು ನೀರು ಹಿಡಿದವಳು. ಮರೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದೆ, ಯಾಕೆಂದರೆ ಏನು ಮಾಡಬೇಕು ಎನ್ನುವುದು ವಾಪಸು ಬರುವ ಬಸ್ಸಿನಲ್ಲೇ ಹೊಳೆದಿತ್ತು.

“ಹಾವೂ ಸಾಯದಂಗೆ, ಕೋಲೂ ಮುರೀದಂಗೆ ನೋಡ್ಕೊಳ್ಳಿ ಮಿಸ್,” ಎಂದಳು ಅತಿಥಿ ಶಿಕ್ಷಕಿ. ಕೋಲು ಮುರಿಯುವುದು ನನಗೂ ಬೇಕಿರಲಿಲ್ಲ. ಹಾವು ಮಾತ್ರ ಸಾಯಬೇಕಿತ್ತು.

ನಮ್ಮಲ್ಲಿ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಪ್ರತಿಜ್ಞೆ, ಗಾದೆ ಆದಮೇಲೆ ವಾರ್ತೆ. ಮೂರು, ನಾಲ್ಕು, ಐದನೇ ತರಗತಿಯ ಹನ್ನೊಂದು ಮಕ್ಕಳು ಸರದಿಯ ಮೇಲೆ ದಿನಕ್ಕೊಬ್ಬರಂತೆ ಮೈಕಿನ ಮುಂದೆ ನಿಂತು ಪೇಪರಿನ ನಾಲ್ಕು ಸಾಲು ಓದುತ್ತಾರೆ. ಆ ಮೈಕ್ ಸೆಟ್ಟು ಅಧ್ಯಕ್ಷರ ಕೊಡುಗೆ. ಹಾರನ್ನಿನ ಮೇಲೆ ಕೆಂಪು ಬಣ್ಣದಲ್ಲಿ ದಾನಿಗಳು ಎಂದು ಬರೆದು ಅವರ ಹೆಸರು. ಹೆಸರು ಊರಿಗೆಲ್ಲ ಕಾಣಲಿ ಎಂದು ಹಾರನ್ನಿನ ಬಾಯಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಕಟ್ಟಿಸಿದವರೂ ಅವರೇ. ಹಾಗಾಗಿ ನಮ್ಮ ಪ್ರಾರ್ಥನೆ ಮೊದಲು ಕೇಳುವುದು ಅವರ ಜಗಲಿಗೆ, ಆಮೇಲೆ ಪಕ್ಕದ ಟೀ ಅಂಗಡಿಗೆ.

ಜನವರಿಯ ಮೊದಲ ಸೋಮವಾರದಿಂದ ಪೇಪರಿನ ಸುದ್ದಿ ನಿಲ್ಲಿಸಿದೆ. ನಮ್ಮ ಶಾಲೆಯ ಸುದ್ದಿ ಏನು ಕಡಿಮೆಯೇ ಎಂದು ಮಕ್ಕಳಿಗೆ ಹೇಳಿ ನಾನೇ ಚೀಟಿ ಬರೆದುಕೊಟ್ಟೆ. ಆ ದಿನ ಐದನೇ ತರಗತಿಯ ಹುಡುಗಿ ಓದಿದಳು.

“ನಮ್ಮ ಶಾಲೆಯ ವಾರ್ತೆಗಳು. ನಾಳೆ ಮಕ್ಕಳಿಗೆ ಮೊಟ್ಟೆ ಕೊಡಲಾಗುವುದು. ಗುರುವಾರ ಆರೋಗ್ಯ ಇಲಾಖೆಯವರು ಹಲ್ಲು ನೋಡಲು ಬರುತ್ತಾರೆ. ಈ ತಿಂಗಳ ಕೊನೆಯಲ್ಲಿ ಮಕ್ಕಳ ಸಂತೆ ನಡೆಯುವುದು, ಮನೆಯಿಂದ ಸೊಪ್ಪು ತರಕಾರಿ ತರಬಹುದು. ಎರಡನೇ ಕೊಠಡಿಯಲ್ಲಿ ಮಾನ್ಯ ಅಧ್ಯಕ್ಷರ ಕಡಲೆಕಾಯಿ ಮೂಟೆಗಳು ಕ್ಷೇಮವಾಗಿವೆ. ಇಂದಿಗೆ ನಲವತ್ತೊಂದು ದಿನ.”

ಇದರಲ್ಲಿ ಒಂದಾದರೂ ಕೆಟ್ಟ ಮಾತಿದೆಯೇ? ಮಾನ್ಯ ಎಂದಿದ್ದೇನೆ. ಕ್ಷೇಮವಾಗಿವೆ ಎಂದಿದ್ದೇನೆ. ಯಾವ ಸಾಹೇಬರು ಬಂದು ಕೇಳಿದರೂ ಚೀಟಿ ತೋರಿಸುವಷ್ಟು ಧೈರ್ಯ ನನಗಿತ್ತು.

ಮರುದಿನ ನಲವತ್ತೆರಡು. ಅದರ ಮರುದಿನ ನಲವತ್ತಮೂರು. ಟೀ ಅಂಗಡಿಯಲ್ಲಿ ಜನ ವಾರ್ತೆಯ ಹೊತ್ತಿಗೆ ಲೋಟ ಹಿಡಿದು ಕಾಯತೊಡಗಿದರು. ದಿನದ ಎಣಿಕೆ ಬಂದ ಕೂಡಲೇ ಒಂದು ನಗು ಏಳುತ್ತಿತ್ತು. ಸಭೆಯಲ್ಲಿ ನಕ್ಕಿದ್ದರಲ್ಲ, ಅವೇ ಬಾಯಿಗಳು, ಅದೇ ನಗು. ಈಗ ಅದು ನನ್ನ ಕಡೆಯಿಂದ ಹೊರಟು ಎದುರು ಮನೆಗೆ ಹೋಗುತ್ತಿತ್ತು. ಆ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದೆ.

ಅಧ್ಯಕ್ಷರು ಮೊದಮೊದಲು ಜಗಲಿಯ ಮೇಲೆ ಪೇಪರ್ ಹಿಡಿದು ಕೇಳಿಸದವರಂತೆ ಕೂರುತ್ತಿದ್ದರು. ಎರಡನೇ ವಾರ ಪ್ರಾರ್ಥನೆಯ ಹೊತ್ತಿಗೆ ಒಳಗೆ ಹೋಗತೊಡಗಿದರು. ಮೈಕ್ ಕಿತ್ತುಕೊಂಡು ಹೋಗುವ ಹಾಗಿಲ್ಲ, ಕೊಡುಗೆ. ಬಯ್ಯುವ ಹಾಗಿಲ್ಲ, ಮಾನ್ಯ ಎಂದಿದ್ದೇವೆ. ಊರಿನ ಹೈಕಳು ಅವರ ಟ್ರ್ಯಾಕ್ಟರ್ ಕಂಡರೆ ಸಾಕು, “ಐವತ್ತು! ಐವತ್ತು!” ಎಂದು ಕೂಗುತ್ತಿದ್ದರಂತೆ.

“ಚಾಲು ಮಿಸ್ಸು, ಇನ್ ಸಾಕು ಬುಡಿ,” ಎಂದಳು ಅಡುಗೆಯಮ್ಮ, ಅನ್ನದ ಗಂಜಿ ಬಸಿಯುತ್ತಾ. ಪಾವಗಡದ ಕಡೆಯಿಂದ ಲಗ್ನವಾಗಿ ಬಂದವಳು, ತೆಲುಗು ಬೆರೆಸದೆ ಮಾತು ಬಾರದು. “ದೊಡ್ಡೋರ್ ಮಾನ ದಿನಾ ದಿನಾ ಬೀದೀಗ್ ಹಾಕ್ಬಾರ್ದಮ್ಮ.”

“ಚಿಕ್ಕವರ ಮಾನ ಹಾಕಬಹುದೇನು?” ಎಂದೆ.

ಐವತ್ತೊಂದನೇ ದಿನ ಸಂಕ್ರಾಂತಿ, ರಜೆ. ಮರುದಿನ ಶುಕ್ರವಾರ ಮೊಮ್ಮಗಳು ರೇಷ್ಮೆ ಲಂಗ ಹಾಕಿಕೊಂಡು ಸ್ಟೀಲಿನ ಡಬ್ಬಿ ಹಿಡಿದು ನನ್ನ ಮೇಜಿನ ಬಳಿ ಬಂದಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದು ಸಿಪ್ಪೆ ಹಾರಿಸಿದ ಕಡಲೆಕಾಯಿ ಬೀಜ.

“ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಮಿಸ್,” ಎಂದು ನನ್ನ ಅಂಗೈಗೆ ಹಾಕಿದಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ, “ತಾತ ಯೋಳಿ ಕಳ್ಸುದ್ರು. ಸೋಮ್ವಾರ ಮೂಟೆ ಎತ್ತುಸ್ತಾರಂತೆ. ಮಿಸ್‌ಗೆ ಯೋಳು ಅಂದ್ರು.”

ಅವಳ ಮುಖ ಅರಳಿತ್ತು. ಹತ್ತು ದಿನ ಗೆಳತಿಯರು ನಕ್ಕಿದ್ದು ಅವಳ ತಾತನನ್ನು ನೋಡಿ. ಅದು ಮುಗಿಯಿತು ಎಂದುಕೊಂಡಿದ್ದಳು. ನಾನು ಎಳ್ಳು ಬಾಯಿಗೆ ಹಾಕಿಕೊಂಡೆ. ಕಡಲೆಕಾಯಿ ಬೀಜ ಗರಿಗರಿಯಾಗಿತ್ತು. ಬೂಷ್ಟು ಹಿಡಿದಿರಲಿಲ್ಲ.

“ಆಯ್ತು ಪುಟ್ಟ,” ಎಂದೆ.

ಹದಿನೈದು ದಿನ ಎಂದವರ ಸೋಮವಾರ ಯಾವ ಸೋಮವಾರವೋ ಎಂದು ನಾನು ಅನುಮಾನಪಟ್ಟೆ ಎಂದು ಬರೆಯಬಹುದು. ಕೇಳಿದವರಿಗೆಲ್ಲ ಹಾಗೆಯೇ ಹೇಳಿದ್ದೇನೆ ಕೂಡ. ಅದು ಸುಳ್ಳು. ನಾನು ನಂಬಿದೆ. ಆ ಮನುಷ್ಯ ಸೋತು ಮಗುವಿನ ಕೈಯಲ್ಲಿ ಎಳ್ಳು ಕಳಿಸಿದ್ದಾರೆ ಎನ್ನುವುದು ಗೊತ್ತಿತ್ತು. ನಂಬಿದ್ದಕ್ಕೇ ನನಗೆ ಅವಸರವಾಯಿತು. ಸೋಮವಾರ ಮೂಟೆ ಎದ್ದರೆ ನನ್ನ ವಾರ್ತೆಯೂ ಎದ್ದು ಹೋಗುತ್ತದೆ. ಉಳಿದದ್ದು ಶನಿವಾರ ಒಂದೇ. ಸರದಿಯ ಪಟ್ಟಿಯಲ್ಲಿ ಶನಿವಾರಕ್ಕೆ ಇದ್ದವಳು ಹನ್ನೊಂದನೆಯವಳು, ಕೊನೆಯವಳು, ಅಧ್ಯಕ್ಷರ ಮೊಮ್ಮಗಳು.

ಅವಳನ್ನು ಬಿಟ್ಟು ಬೇರೆಯವರಿಂದ ಓದಿಸಬಹುದಿತ್ತು. ಆ ಒಂದು ಸಾಲನ್ನು ಬಿಡಬಹುದಿತ್ತು. ಇನ್ನೂ ಎಳ್ಳಿನ ವಾಸನೆ ಇದ್ದ ಕೈಯಲ್ಲೇ ನಾನು ಶನಿವಾರದ ಚೀಟಿ ಬರೆದೆ. ಆ ಮನೆಯ ದನಿಯಲ್ಲೇ ಆ ಮನೆಯವರು ಕೇಳಲಿ, ಅಷ್ಟೇ ನನ್ನ ಆಸೆ.

ಶನಿವಾರ ಬೆಳಗಿನ ಶಾಲೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಎಲ್ಲ ಮುಗಿಯಿತು ಎಂಬ ಧೈರ್ಯಕ್ಕೋ ಏನೋ, ಅಧ್ಯಕ್ಷರು ಆ ದಿನ ಜಗಲಿಗೆ ಬಂದು ಕೂತಿದ್ದರು. ಮೊಮ್ಮಗಳ ಸರದಿ ಎಂದು ಅವರ ಹೆಂಡತಿಯೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತರು.

ಹುಡುಗಿ ಚೆನ್ನಾಗಿ ಓದುತ್ತಾಳೆ. ಆ ಹತ್ತೊಂಬತ್ತು ಮಕ್ಕಳಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಹೇಳಿಕೊಡದೆಯೇ ಬಂದದ್ದು ಅವಳಿಗೆ ಮಾತ್ರ. ಮೊಟ್ಟೆ ಓದಿದಳು. ಮಕ್ಕಳ ಸಂತೆ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ, ಓದು ಎಂದು.

“ಎರಡನೇ ಕೊಠಡಿಯಲ್ಲಿ ಮಾನ್ಯ ಅಧ್ಯಕ್ಷರ ಕಡಲೆಕಾಯಿ ಮೂಟೆಗಳು ಕ್ಷೇಮವಾಗಿವೆ. ಇಂದಿಗೆ ಐವತ್ತಮೂರು ದಿನ.”

ಟೀ ಅಂಗಡಿಯಲ್ಲಿ ಎಂದಿಗಿಂತ ಜೋರು ನಗು. ಯಾರೋ ಶಿಳ್ಳೆ ಹಾಕಿದರು. ಹುಡುಗಿ ಚೀಟಿ ಮಡಿಸಲಿಲ್ಲ, ಮೈಕ್ ಬಿಟ್ಟು ಕದಲಲಿಲ್ಲ. ನನ್ನನ್ನೇ ನೋಡುತ್ತಾ ಹೇಳಿದಳು.

“ನಮ್ ತಾತ ಸೋಮ್ವಾರ ಎತ್ತುಸ್ತಾರೆ. ನಿನ್ನೇನೇ ಮಿಸ್‌ಗೆ ಯೋಳಿದ್ದೆ. ಎಳ್ಳೂ ಕೊಟ್ಟಿದ್ದೆ.”

ಅದೂ ಹಾರನ್ನಿನಲ್ಲೇ ಹೋಯಿತು. ನಾನು ಓಡಿ ಸ್ವಿಚ್ ಆರಿಸುವಷ್ಟರಲ್ಲಿ ಊರೆಲ್ಲ ಕೇಳಿ ಆಗಿತ್ತು. ಟೀ ಅಂಗಡಿಯ ನಗು ನಿಂತಿತು. ಅಡುಗೆಯಮ್ಮ ಅಡುಗೆ ಮನೆಯ ಬಾಗಿಲಿಂದ ನನ್ನನ್ನು ನೋಡಿ ಒಳಗೆ ಹೋದಳು.

ಅರ್ಧ ಗಂಟೆಯಲ್ಲಿ ಟ್ರ್ಯಾಕ್ಟರ್ ಬಂತು. ಅಧ್ಯಕ್ಷರು ಯಾರನ್ನೂ ಕರೆಯಲಿಲ್ಲ. ಡ್ರೈವರನ ಜೊತೆ ತಾವೇ ಬೆನ್ನು ಕೊಟ್ಟು ಒಂದೊಂದೇ ಮೂಟೆ ಹೊತ್ತರು. ಕೊನೆಗೆ ತಾವೇ ಕಸಬರಿಕೆ ಹಿಡಿದು ಕೊಠಡಿ ಗುಡಿಸಿದರು. ಹಳೇ ಬೀಗ, ಬೀಗದ ಕೈ ಎರಡನ್ನೂ ನನ್ನ ಮೇಜಿನ ಮೇಲಿಟ್ಟರು.

“ನಾನ್ ಕುರಿ ಅಂದಿದ್ದು ತೆಪ್ಪು ಮೇಡಮ್ಮೋರೆ. ನನ್ನ ನೀವ್ ಏನ್ ಮಾಡಿದ್ರೂ ತಡ್ಕೊತಿದ್ದೆ. ಮಗೀನ್ ಕೈಲಿ ಓದುಸ್ಬುಟ್ರಲ್ಲ.”

ಉತ್ತರ ಸಿದ್ಧವಾಗಿತ್ತು. ನಿಮ್ಮ ಮಗು ಒಂದೇ ಮಗುವೇ, ವರಾಂಡದಲ್ಲಿ ಕೂತಿದ್ದವು ಮಕ್ಕಳಲ್ಲವೇ ಎಂದು. ನ್ಯಾಯವಾದ ಮಾತೇ. ಹೇಳುವ ಬದಲು ಬೀಗದ ಕೈಯನ್ನು ಎತ್ತಿ ಮೇಜಿನ ಖಾನೆಗೆ ಹಾಕಿದೆ.

ಸೋಮವಾರ ಚಿಕ್ಕ ಮಕ್ಕಳು ಎರಡನೇ ಕೊಠಡಿಗೆ ಹೋದರು. ಗುಂಡು ಮೇಜುಗಳು ಸಿಕ್ಕವು, ಮಣಿಗಳು ಸಿಕ್ಕವು. ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಕಡಲೆಕಾಯಿಗೆ ಒಂದನೇ ತರಗತಿಯವರು ಜಗಳವಾಡಿದರು. ಅದೇ ಹೊತ್ತಿಗೆ ಎದುರು ಮನೆಯ ಮುಂದೆ ಶಿರಾದ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ನಿಂತಿತು. ಹುಡುಗಿ ಹೊಸ ಬೂಟು ಹಾಕಿಕೊಂಡು ಹತ್ತಿದಳು. ಟಿ.ಸಿ. ಆಮೇಲೆ ತಂದರಾಯಿತು ಎಂದರಂತೆ ಅಲ್ಲಿಯವರು. ನನ್ನ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರು, ಕೊಠಡಿಯಲ್ಲಿ ಹದಿನೆಂಟು ತಲೆ.

ಪಶ್ಚಾತ್ತಾಪ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಆ ಕುರಿಯ ಮಾತು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಶುಕ್ರವಾರದವರೆಗಿನ ಹತ್ತು ವಾರ್ತೆಗಳನ್ನು ಬೇಕಾದರೆ ನಾಳೆಯೇ ಮತ್ತೆ ಓದಿಸುತ್ತೇನೆ. ಹನ್ನೊಂದನೆಯದೊಂದನ್ನು ಮಾತ್ರ ಓದಿಸಲಾರೆ.

ಆ ಸೋಮವಾರದಿಂದ ನಾನು ಚೀಟಿ ಬರೆಯುವುದನ್ನು ಬಿಟ್ಟೆ. ಓದುವವರೇ ಬರೆದುಕೊಂಡು ಬರಲಿ ಎಂದೆ. ಶನಿವಾರ ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಸರದಿ. ಊಟದ ಸಾಲಿನಲ್ಲಿ ದಿನವೂ ಮೊಮ್ಮಗಳ ಪಕ್ಕದಲ್ಲೇ ಕೂರುತ್ತಿದ್ದವಳು. ಚೀಟಿ ತಂದು ನನ್ನ ಮುಂದೆ ಹಿಡಿದಳು.

“ಸರಿಯಾಗೈತಾ ಮಿಸ್?”

ಮಕ್ಕಳ ಸಂತೆ ಮುಂದಿನ ಶನಿವಾರ ಎಂದು ಬರೆದಿದ್ದಳು. ಕೆಳಗೆ: “ಎರಡನೇ ಕೊಠಡಿಯಲ್ಲಿ ಮಕ್ಕಳು ಕ್ಷೇಮವಾಗಿದ್ದಾರೆ. ಮಾನ್ಯ ಅಧ್ಯಕ್ಷರ ಮೊಮ್ಮಗಳು ಶಾಲೆಗೆ ಬಾರದೆ ಇಂದಿಗೆ ಆರು ದಿನ.”

ಕೆಂಪು ಪೆನ್ನು ಕೈಯಲ್ಲೇ ಇತ್ತು. ಹೊಡೆದುಹಾಕಲು ಒಂದು ತಪ್ಪು ಹುಡುಕಿದೆ. ಸಿಗಲಿಲ್ಲ. ಮಾನ್ಯ ಎಂದಿದ್ದಳು. ಕ್ಷೇಮ ಎಂದಿದ್ದಳು. ಎಣಿಕೆಯೂ ಸರಿಯಾಗಿತ್ತು, ಭಾನುವಾರ ಸೇರಿಸಬಾರದು ಎನ್ನೋಣ ಎಂದರೆ ನಡುವೆ ಭಾನುವಾರವೇ ಬಂದಿರಲಿಲ್ಲ.

“ಸರಿ ಇದೆ. ಓದು,” ಎಂದೆ.

ಓದಿದಳು. ಟೀ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅಧ್ಯಕ್ಷರು ಜಗಲಿಯ ಮೇಲೆ ಪೇಪರ್ ಇಳಿಸಿ ನನ್ನ ಕಡೆ ನೋಡಿದರು. ನಾನೂ ಅವರ ಕಡೆ ನೋಡಿದೆ. ಗಣರಾಜ್ಯೋತ್ಸವ ಕಳೆದು ಮಂಗಳವಾರ ಇನ್ನೊಂದು ಮಗು ಒಂಬತ್ತು ಎಂದು ಓದಿತು, ಬುಧವಾರ ಮತ್ತೊಂದು ಹತ್ತು ಎಂದು. ನಿಲ್ಲಿಸಿ ಎಂದು ಅವರು ಇನ್ನೂ ಹೇಳಿ ಕಳಿಸಿಲ್ಲ. ನಾನೂ ಮಕ್ಕಳಿಗೆ ಹೇಳಿಲ್ಲ.